ತಾತ ಬೆಟ್ಟ ನೋಡಲಿಲ್ಲ, ಹಳಿ ನೋಡಿದರು

ನಾನು ಫ್ಲವರ್ ಮೌಂಡ್‌ನಿಂದ ಮಾತನಾಡುತ್ತಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನಾನು ಭಾನುವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರ ತಿದ್ದುವ ಆಂಟಿ. ಇನ್ನು ಕೆಲವರಿಗೆ ಯುಗಾದಿ ಕಾರ್ಯಕ್ರಮದಲ್ಲಿ ಚಿತ್ರಾನ್ನ ಬಡಿಸುವ ಆಂಟಿ. ಇವತ್ತು ಒತ್ತಕ್ಷರವೂ ಇಲ್ಲ, ಚಿತ್ರಾನ್ನವೂ ಇಲ್ಲ. ಒಂದು ರೈಲು ಪ್ರಯಾಣದ ವಿಷಯ ಹೇಳುತ್ತೇನೆ. ಅದರ ಜೊತೆಗೆ ನಾನು ಬಹಳ ವರ್ಷ ಬಚ್ಚಿಟ್ಟುಕೊಂಡಿದ್ದ ಒಂದು ವಿಷಯವನ್ನೂ ಹೇಳುತ್ತೇನೆ.

ನಮ್ಮೂರ ಹೆಸರಿನಲ್ಲೇ ದಿಬ್ಬ ಇದೆಯಲ್ಲ, ಆ ಹೂವಿನ ದಿಬ್ಬವನ್ನು ನೋಡಿದ್ದೀರಾ? ಹನ್ನೆರಡು ಎಕರೆ ಚಿಲ್ಲರೆ ಹುಲ್ಲುಗಾವಲು. ಸುತ್ತಲ ನೆಲಕ್ಕಿಂತ ಸುಮಾರು 50 ಅಡಿ ಎತ್ತರ, ಅಷ್ಟೇ. ಅಮ್ಮ ಹೋದ ಮರುವರ್ಷ, 2016ರ ಬೇಸಿಗೆಯಲ್ಲಿ, ಅಪ್ಪನನ್ನು ಸಕಲೇಶಪುರದಿಂದ ಇಲ್ಲಿಗೆ ಕರೆಸಿಕೊಂಡಿದ್ದೆವು. ಮೊದಲ ವಾರ ಅವರನ್ನು ಆ ದಿಬ್ಬಕ್ಕೆ ಕರೆದುಕೊಂಡು ಹೋದೆ. ಅಪ್ಪ ಅದರ ಮೇಲೆ ನಿಂತುಕೊಂಡೇ ಸುತ್ತ ನೋಡಿ, "ಎಲ್ಲವ್ವ ಬೆಟ್ಟ?" ಎಂದು ಕೇಳಿದರು.

ಹುಟ್ಟಿದಾಗಿನಿಂದ ಪಶ್ಚಿಮ ಘಟ್ಟವನ್ನೇ ನೋಡಿದ ಮನುಷ್ಯ. ಟೆಕ್ಸಸ್ಸಿನ ಈ ಬಯಲಿನಲ್ಲಿ ಅವರಿಗೆ ಕಣ್ಣು ಇಡುವುದಕ್ಕೂ ಜಾಗ ಸಿಗುತ್ತಿರಲಿಲ್ಲ. ಅದಕ್ಕೇ ಕೊಲರಾಡೋಗೆ ಹೋಗೋಣ, ಡುರಾಂಗೋದಿಂದ ಸಿಲ್ವರ್‌ಟನ್‌ಗೆ ಹೋಗುವ ಆ ಹಳೆಯ ಉಗಿಬಂಡಿಯಲ್ಲಿ ಕೂರಿಸೋಣ ಎಂದು ಮನೆಯವರು ಹೇಳಿದರು. ಡಲ್ಲಾಸ್‌ನ ಇನ್ನೊಂದು ಕನ್ನಡ ಕುಟುಂಬವೂ ಜೊತೆಗೆ ಹೊರಟಿತು. ಎರಡು ಕಾರು, ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬಿ. ಅಮರಿಲ್ಲೋ ದಾಟಿ, ಆಲ್ಬುಕರ್ಕಿಯಲ್ಲಿ ರಾತ್ರಿ ತಂಗಿ, ಮರುದಿನ ಡುರಾಂಗೋ ತಲುಪಿದೆವು.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಈಗ ಆ ಕೆಲಸದವರನ್ನು ಟ್ರ್ಯಾಕ್ ಮೇಂಟೇನರ್ ಎನ್ನುತ್ತಾರೆ. ಹಳಿಯ ಕೆಳಗೆ ಜಲ್ಲಿ ತುಂಬುವುದು, ಸ್ಲೀಪರ್ ಬದಲಿಸುವುದು, ಚರಂಡಿ ಬಿಡಿಸುವುದು, ಮಳೆಗಾಲದಲ್ಲಿ ರಾತ್ರಿಯೆಲ್ಲ ಹಳಿಯ ಮೇಲೆ ನಡೆದು ಕಾವಲು ಕಾಯುವುದು. ಈ ಕೆಲಸ ಮಾಡಿಯೇ ಅವರು ನನ್ನನ್ನು ಮೈಸೂರಿನ ಹಾಸ್ಟೆಲ್ಲಿನಲ್ಲಿಟ್ಟು ಕನ್ನಡ ಎಂ.ಎ. ಓದಿಸಿದರು.

ನಾನು ಅಮೆರಿಕಕ್ಕೆ ಬಂದ ಹೊಸತರಲ್ಲಿ ಒಂದು ಪಾಟ್‌ಲಕ್‌ನಲ್ಲಿ ಯಾರೋ, "ನಿಮ್ಮ ತಂದೆ ಏನು ಮಾಡ್ತಿದ್ದಾರೆ?" ಎಂದು ಕೇಳಿದರು. ಆ ಕೋಣೆಯಲ್ಲಿದ್ದವರ ತಂದೆಯರೆಲ್ಲ ಪ್ರೊಫೆಸರು, ಡಾಕ್ಟರು, ಬ್ಯಾಂಕ್ ಮ್ಯಾನೇಜರು. "ರೈಲ್ವೇಸ್‌ನಲ್ಲಿದ್ದಾರೆ" ಎಂದೆ. "ಓ, ಎಂಜಿನಿಯರಾ?" ಎಂದರು. ನಾನು ನಕ್ಕೆ. ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಆ ಒಂದು ನಗುವನ್ನು ಹತ್ತು ಹನ್ನೆರಡು ವರ್ಷ ಹಾಗೇ ಉಳಿಸಿಕೊಂಡೆ. ನನ್ನ ಮಕ್ಕಳಿಗೂ "ತಾತ ವರ್ಕ್ಡ್ ಫಾರ್ ದ ರೈಲ್ವೇಸ್" ಎಂದಷ್ಟೇ ಗೊತ್ತಿತ್ತು. ಮಗ ಕಿಂಡರ್‌ಗಾರ್ಟನ್‌ನಲ್ಲಿ ತಾತನ ಚಿತ್ರ ಬರೆದಾಗ ಎಂಜಿನ್ ಡ್ರೈವರ್ ಟೋಪಿ ಹಾಕಿದ್ದ. ನಾನು ಅದನ್ನೂ ತಿದ್ದಲಿಲ್ಲ. ಒತ್ತಕ್ಷರ ತಪ್ಪಿದರೆ ತಿದ್ದದೆ ಬಿಡದವಳು ನಾನು!

ಈಗ ರೈಲಿಗೆ ಬರೋಣ.

ಈ ಡುರಾಂಗೋ–ಸಿಲ್ವರ್‌ಟನ್ ಹಳಿ ಪ್ರವಾಸಿಗಳಿಗಾಗಿ ಹಾಕಿದ್ದಲ್ಲ. ಬೆಟ್ಟದ ಮೇಲಿನ ಗಣಿಗಳಿಂದ ಬೆಳ್ಳಿ, ಚಿನ್ನದ ಅದಿರನ್ನು ಕೆಳಗಿಳಿಸುವುದಕ್ಕೆ ಹಾಕಿದ್ದು. 1881ರ ಕೊನೆಯ ತಿಂಗಳುಗಳಲ್ಲಿ ಕೆಲಸ ಶುರುಮಾಡಿ, 1882ರ ಜುಲೈ ಹೊತ್ತಿಗೆ 45 ಮೈಲಿ ದಾರಿಯನ್ನು ಸಿಲ್ವರ್‌ಟನ್‌ವರೆಗೆ ಮುಟ್ಟಿಸಿದರು. ನಡುವೆ ಒಂದು ಕೊಲರಾಡೋ ಚಳಿಗಾಲವೂ ಕಳೆದಿತ್ತು ಎನ್ನುವುದನ್ನು ನೆನಪಿಡಿ. ಡುರಾಂಗೋ ಸುಮಾರು 6,500 ಅಡಿ ಎತ್ತರದಲ್ಲಿದೆ, ಸಿಲ್ವರ್‌ಟನ್ 9,300 ಅಡಿ. ಇಷ್ಟು ಹತ್ತುವುದಕ್ಕೆ ರೈಲು ಮೂರೂವರೆ ಗಂಟೆ ತೆಗೆದುಕೊಳ್ಳುತ್ತದೆ. ನಾವು ಹೋದಾಗ ಕಲ್ಲಿದ್ದಲಿನ ಎಂಜಿನ್. 1920ರ ದಶಕದಲ್ಲಿ ಮಾಡಿದ್ದು. ಫೈರ್‌ಮನ್ ದಿನಕ್ಕೆ ಐದಾರು ಟನ್ ಕಲ್ಲಿದ್ದಲನ್ನು ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದನಂತೆ. ತೆರೆದ ಬೋಗಿಯಲ್ಲಿ ಕೂತ ನಮ್ಮ ತಲೆಯ ಮೇಲೆಲ್ಲ ಕರಿ ಪುಡಿ.

ಹತ್ತುವ ಮೊದಲೇ ಅಪ್ಪ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಬಗ್ಗಿ ಹಳಿ ನೋಡಿದರು. "ನಮ್ಮ ಮೀಟರ್ ಗೇಜಿಗಿಂತ ನಾಲ್ಕು ಬೆರಳು ಕಮ್ಮಿ ಐತಲ್ಲವ್ವ ಇದು" ಎಂದರು. ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಈ ಹಳಿಯ ಅಗಲ ಮೂರು ಅಡಿ, ಅಂದರೆ 914 ಮಿಲಿಮೀಟರ್. ಮೀಟರ್ ಗೇಜ್ 1,000. ವ್ಯತ್ಯಾಸ 86 ಮಿಲಿಮೀಟರ್. ನಾಲ್ಕು ಬೆರಳು ಇಟ್ಟು ನೋಡಿ, ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ. ಬೆಟ್ಟದ ರೈಲಿಗೆ ಹಳಿ ಕಿರಿದಾದಷ್ಟೂ ಚುರುಕಾದ ತಿರುವು ಹಾಕಬಹುದು, ಬಂಡೆ ಕಡಿಯುವುದು ಕಡಿಮೆಯಾಗುತ್ತದೆ. ಇದನ್ನು ಆಮೇಲೆ ಅಪ್ಪನೇ ವಿವರಿಸಿದ್ದು.

ರಾಕ್‌ವುಡ್ ದಾಟಿದ ಮೇಲೆ ಹೈ ಲೈನ್ ಎನ್ನುವ ಜಾಗ ಬರುತ್ತದೆ. ಸಿಡಿಮದ್ದಿಟ್ಟು ಬಂಡೆಯ ಪಕ್ಕೆಯನ್ನೇ ಕಡಿದು, ಗೋಡೆಗೆ ಹೊಡೆದ ಶೆಲ್ಫಿನ ಹಾಗೆ ಹಳಿ ಕೂರಿಸಿದ್ದಾರೆ. ಸುಮಾರು 400 ಅಡಿ ಕೆಳಗೆ ಅನಿಮಾಸ್ ನದಿ, ಹಸಿರು ಬಣ್ಣ. ರೈಲು ನಡೆಯುವವರ ವೇಗಕ್ಕೆ ಇಳಿಯುತ್ತದೆ. ಬೋಗಿಯಲ್ಲಿದ್ದವರೆಲ್ಲ ನದಿಯ ಕಡೆ ವಾಲಿ ಫೋಟೋ ತೆಗೆಯುತ್ತಿದ್ದರು. ಅಪ್ಪ ಒಬ್ಬರೇ ಈ ಕಡೆ, ಕೈಗೆಟುಕುವಷ್ಟು ಹತ್ತಿರದ ಬಂಡೆಯನ್ನು ನೋಡುತ್ತಾ ಕೂತಿದ್ದರು.

"ಅಪ್ಪ, ಆ ಕಡೆ ನೋಡಿ, ಎಷ್ಟು ಚೆನ್ನಾಗಿದೆ!"

"ಅದು ಎಲ್ಲಿಗೂ ಹೋಗಲ್ಲ ಕಣವ್ವ. ಬರೋದಿದ್ರೆ ಈ ಕಡೆಯಿಂದಲೇ ಬರ್ಬೇಕು. ಇಲ್ಲಿ ನೋಡು, ಬಿರುಕಲ್ಲಿ ನೀರು ಜಿನುಗ್ತೈತೆ."

ಇದನ್ನು ಕೇಳಿಸಿಕೊಂಡ ನಮ್ಮ ಸ್ನೇಹಿತೆಯ ಯಜಮಾನರು ಬಹಳ ಗೌರವದಿಂದ, "ಅಂಕಲ್, ನೀವು ರೈಲ್ವೇಸ್‌ನಲ್ಲಿ ಎಂಜಿನಿಯರ್ ಆಗಿದ್ರಂತೆ?" ಎಂದರು.

ಆ 'ಅಂತೆ' ಎಲ್ಲಿಂದ ಬಂತು ಎಂದು ಅಪ್ಪನಿಗೆ ತಕ್ಷಣ ಗೊತ್ತಾಯಿತು. ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಲೈನ್ ನೋಡ್ಕೊಳ್ಳೋ ಕೆಲಸ ಕಣಪ್ಪ" ಎಂದು ಹೇಳಿ ಮತ್ತೆ ಬಂಡೆಯ ಕಡೆ ತಿರುಗಿಕೊಂಡರು. ಸುಳ್ಳೂ ಹೇಳಲಿಲ್ಲ, ನನ್ನನ್ನು ಬಿಟ್ಟೂ ಕೊಡಲಿಲ್ಲ.

ಸಿಲ್ವರ್‌ಟನ್ ಈಗ ಆರೇಳು ನೂರು ಜನರ ಪುಟ್ಟ ಊರು. ಊಟಕ್ಕೆಂದು ರೈಲು ಅಲ್ಲಿ ಎರಡು ಗಂಟೆ ನಿಲ್ಲುತ್ತದೆ. ಮಕ್ಕಳು ಐಸ್‌ಕ್ರೀಮಿಗೆ ಓಡಿದರು. ನಾನು, ಅಪ್ಪ ಒಂದು ಬೆಂಚಿನ ಮೇಲೆ ಕೂತೆವು. "ನಾನು ಎಂಜಿನಿಯರ್ ಅಂತ ಹೇಳಿಲ್ಲ ಅಪ್ಪ, ಅವರೇ ಹಾಗಂದ್ಕೊಂಡ್ರು" ಎಂದು ಶುರುಮಾಡಿದೆ. ಅಪ್ಪ ತಡೆದರು. "ಪರವೂರಲ್ಲಿ ಬಾಳ್ತಾ ಇದೀಯ. ನೀನು ಏನು ಹೇಳಿದೀಯೋ ಅದೇ ಇರ್ಲಿ ಬಿಡವ್ವ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ತಂದಿದ್ದ ಪುಳಿಯೋಗರೆ ಗಂಟಲಲ್ಲಿ ಇಳಿಯಲಿಲ್ಲ.

ವಾಪಸು ಬರುವಾಗ ನಮಗೆ ಹಿಂದಿನ ಬೋಗಿ ಸಿಕ್ಕಿತು. ಒಂದು ತಿರುವಿನಲ್ಲಿ ಮಗ ಹಿಂದೆ ನೋಡಿ, ಒಂದು ಪುಟಾಣಿ ಮೋಟಾರ್ ಗಾಡಿ ನಮ್ಮ ರೈಲಿನ ಹಿಂದೆಯೇ ಹಳಿಯ ಮೇಲೆ ಬರುತ್ತಿದೆ ಎಂದ. ಆಗ ಅವನಿಗೆ ಹತ್ತು ವರ್ಷ. ಕಂಡಕ್ಟರನ್ನು ಕೇಳಿದ. ಎಂಜಿನ್ನಿನಿಂದ ಹಾರುವ ಕಿಡಿ ಎಲ್ಲಾದರೂ ಒಣ ಹುಲ್ಲಿಗೆ ಬಿದ್ದು ಹೊತ್ತಿಕೊಂಡಿದೆಯೇ ಎಂದು ನೋಡುತ್ತಾ, ಹೊತ್ತಿದ್ದರೆ ಆರಿಸುತ್ತಾ, ರೈಲಿನ ಹಿಂದೆ ಬರುವ ಕಾವಲುಗಾರರು ಅವರು ಎಂದು ಕಂಡಕ್ಟರ್ ಹೇಳಿದರು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

ಇಡೀ ದಿನ ಕಾಣದ ಕಳೆ ಅಪ್ಪನ ಮುಖದಲ್ಲಿ ಬಂತು. "ಪೆಟ್ರೋಲ್‌ಮ್ಯಾನ್! ನಾನೂ ಅದೇ ಕೆಲಸ ಮಾಡ್ತಿದ್ದೆ ಕಣೋ ಮಗ..." ಎಂದವರು, ನನ್ನ ಕಡೆ ನೋಡಿ, ಥಟ್ಟನೆ ನಿಲ್ಲಿಸಿದರು.

ಅವರು ಹಾಗೆ ನಿಲ್ಲಿಸಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅರವತ್ತಾರು ವರ್ಷದ ಮನುಷ್ಯ, ಮೊಮ್ಮಗನ ಹತ್ತಿರ ತನ್ನ ಕೆಲಸದ ಹೆಸರು ಹೇಳುವುದಕ್ಕೆ ಮಗಳ ಅಪ್ಪಣೆ ಕಾಯುತ್ತಿದ್ದರು.

ಮಗ, "ಯಾವ ಕೆಲಸ ತಾತ? ಪೆಟ್ರೋಲ್ ಹಾಕೋದಾ?" ಎಂದ. ನಾನೇ ಜೋರಾಗಿ, ನಮ್ಮ ಸ್ನೇಹಿತರಿಗೂ ಕೇಳಿಸುವ ಹಾಗೆ, "ಪೆಟ್ರೋಲ್ ಅಲ್ಲ ಕಣೋ, ಪಟ್ರೋಲ್. ತಾತ ಗ್ಯಾಂಗ್‌ಮನ್ ಆಗಿದ್ರು" ಎಂದೆ.

ಅವನ ಕಣ್ಣು ಅಗಲವಾಯಿತು. "ತಾತ ವಾಸ್ ಇನ್ ಎ ಗ್ಯಾಂಗ್?"

ಹಿಂದಿನ ಸೀಟಿನ ಅಮೆರಿಕನ್ ಅಜ್ಜಿಯೊಬ್ಬರು ತಿರುಗಿ ನೋಡಿದರು. ಮೊದಲು ನಮ್ಮ ಸ್ನೇಹಿತೆ ನಕ್ಕಳು, ಆಮೇಲೆ ನಾನು, ಆಮೇಲೆ ಇಡೀ ಬೋಗಿ. ಅರ್ಥವಾದ ಮೇಲೆ ಎಲ್ಲರಿಗಿಂತ ಹೆಚ್ಚು ನಕ್ಕವರು ಅಪ್ಪ. ನನ್ನ ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದ ಎಂದೇ ಎಲ್ಲರೂ ಅಂದುಕೊಂಡರು.

ಆಮೇಲೆ ಡುರಾಂಗೋ ಬರುವವರೆಗೆ ಅಪ್ಪ ಹೇಳುತ್ತಾ ಹೋದರು, ನಾನು ಮಗನಿಗೆ ಇಂಗ್ಲಿಷಿಗೆ ಮಾಡುತ್ತಾ ಹೋದೆ. ನಿಮಗೂ ಹೇಳುತ್ತೇನೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಟ್ಟದ ಹಳಿ. 57 ಸುರಂಗ, 109 ಸೇತುವೆ. ಇಳಿಜಾರು ಐವತ್ತಕ್ಕೆ ಒಂದು, ಅಂದರೆ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಹತ್ತುವ ಗಾಡಿಗೆ ಹಿಂದಿನಿಂದ ತಳ್ಳುವುದಕ್ಕೂ ಎಂಜಿನ್ ಬೇಕು. 1979ರಲ್ಲಿ ಈ ದಾರಿ ಮೀಟರ್ ಗೇಜಾಗಿ ತೆರೆಯಿತು, ಅಪ್ಪ ಕೆಲಸಕ್ಕೆ ಸೇರಿದ್ದೂ ಆಗಲೇ. 1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ನಿಲ್ಲಿಸಿದಾಗ ಅಪ್ಪನನ್ನು ಬೇರೆ ಕಡೆ ಹಾಕಿದರು. 2006ರಲ್ಲಿ ಗೂಡ್ಸ್ ಗಾಡಿ, 2007ರ ಡಿಸೆಂಬರ್‌ನಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ಓಡಿದವು. ನಿವೃತ್ತಿಗೆ ಮುಂಚೆ ಅಪ್ಪ ಮತ್ತೆ ಅದೇ ಘಟ್ಟಕ್ಕೆ ಬಂದಿದ್ದರು.

ದೋಣಿಗಾಲ್, ಕಡಗರವಳ್ಳಿ, ಯಡಕುಮಾರಿ, ಶಿರಿಬಾಗಿಲು. ಇವು ಆ ದಾರಿಯ ನಿಲ್ದಾಣಗಳು. ಯಡಕುಮಾರಿ ಕಾಡಿನ ನಡುವೆ ಇದೆ, ಹಳಿಯೇ ಅದರ ರಸ್ತೆ. ಮಳೆಗಾಲದಲ್ಲಿ ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಕೋಲು ಹಿಡಿದು ರಾತ್ರಿ ಹೊರಡುತ್ತಿದ್ದರು. ಚೀಲದಲ್ಲಿ ಕೆಂಪು ಬಾವುಟ, ಸೀಟಿ, ಪಟಾಕಿ. ಈ ಪಟಾಕಿ ದೀಪಾವಳಿಯದಲ್ಲ. ಹಳಿಗೆ ಕಟ್ಟುವ ತಟ್ಟೆಯಂಥದ್ದು. ಮುಂದೆ ಗುಡ್ಡ ಕುಸಿದಿದ್ದರೆ, ರೈಲು ಬರುವ ದಿಕ್ಕಿನಲ್ಲಿ ದೂರ ಓಡಿ ಅದನ್ನು ಹಳಿಗೆ ಕಟ್ಟಬೇಕು. ಎಂಜಿನ್ನಿನ ಚಕ್ರ ಹತ್ತಿದ ಕೂಡಲೇ ಅದು ಸಿಡಿಯುತ್ತದೆ, ಮಳೆಯ ಸದ್ದಿನಲ್ಲೂ ಡ್ರೈವರಿಗೆ ಕೇಳಿಸುತ್ತದೆ, ಗಾಡಿ ನಿಲ್ಲಿಸುತ್ತಾನೆ. ದಾರಿಯಲ್ಲಿ ಆ ಕಡೆಯಿಂದ ಬರುವ ಇನ್ನೊಬ್ಬ ಪೆಟ್ರೋಲ್‌ಮ್ಯಾನ್ ಸಿಗುತ್ತಾನೆ. ಇಬ್ಬರೂ ಪುಸ್ತಕ ಬದಲಿಸಿಕೊಂಡು ತಿರುಗಿ ಹೊರಡಬೇಕು. ಇಬ್ಬರೂ ನಿಜವಾಗಿ ನಡೆದಿದ್ದಾರೆ ಎನ್ನುವುದಕ್ಕೆ ಅದೇ ಸಾಕ್ಷಿ. ಕಾಲಿಗೆ ಜಿಗಣೆ. ಕೆಲವು ರಾತ್ರಿ ಹಳಿಯ ಪಕ್ಕದಲ್ಲೇ ಆನೆ.

ಮಗ ಕೇಳಿದ, "ತಾತ, ನೀವು ಎಷ್ಟು ರೈಲು ಸೇವ್ ಮಾಡಿದ್ದೀರಾ?"

ಅಪ್ಪ ಲೆಕ್ಕ ಹಾಕಿದರು. "ಎರಡು ಸಲ ಬಂಡೆ ಬಿದ್ದಿತ್ತು. ಪಟಾಕಿ ಕಟ್ಟಿದೆ, ಗಾಡಿ ನಿಂತ್ವು. ಮಿಕ್ಕಿದ್ದೆಲ್ಲ ರಾತ್ರಿ ಏನೂ ಆಗ್ಲಿಲ್ಲ. ಏನೂ ಆಗ್ಲಿಲ್ಲ ಅಂತ ನೋಡ್ಕೊಂಡು ಬರೋದೇ ನಮ್ಮ ಕೆಲಸ ಕಣೋ."

ಇದನ್ನು ಇಂಗ್ಲಿಷಿಗೆ ಮಾಡಲು ನಾನು ಎರಡು ಮೂರು ಸಲ ಒದ್ದಾಡಿದೆ. ಕನ್ನಡ ಎಂ.ಎ. ಕೆಲಸಕ್ಕೆ ಬರಲಿಲ್ಲ.

ನಮ್ಮ ಸ್ನೇಹಿತೆಯ ಯಜಮಾನರು ಕೊನೆಯವರೆಗೆ ಕೇಳುತ್ತಾ ಕೂತಿದ್ದರು. ರೈಲು ಇಳಿಯುವಾಗ ಮೆಲ್ಲಗೆ, "ನಮ್ಮ ತಂದೆ ಕೋರ್ಟಿನಲ್ಲಿ ಜವಾನರಾಗಿದ್ರು" ಎಂದರು. ಎಂಟು ವರ್ಷದ ಸ್ನೇಹದಲ್ಲಿ ನಾವು ಇದನ್ನು ಕೇಳಿದ್ದು ಮೊದಲ ಸಲ. ನಾನೊಬ್ಬಳೇ ಅಲ್ಲ ಎಂದು ಗೊತ್ತಾಯಿತು. ಈ ಬಯಲಿನ ದೊಡ್ಡ ದೊಡ್ಡ ಮನೆಗಳಲ್ಲಿ ಇನ್ನೆಷ್ಟು ಜನ ತಂದೆಯರು ಹೀಗೆ ಬಡ್ತಿ ಪಡೆದಿದ್ದಾರೋ!

ಎರಡು ವರ್ಷದ ಮೇಲೆ, 2018ರ ಜೂನ್ 1ರಂದು, ಡುರಾಂಗೋದ ಉತ್ತರಕ್ಕೆ ಕಾಡ್ಗಿಚ್ಚು ಹೊತ್ತಿತು. ಐವತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಕಲ್ಲಿದ್ದಲಿನ ಎಂಜಿನ್ನಿನ ಕಿಡಿಯಿಂದ ಬಂದ ಬೆಂಕಿ ಎಂದು ಕೇಂದ್ರ ಸರ್ಕಾರದ ತನಿಖೆ ಹೇಳಿತು. 2022ರಲ್ಲಿ ರೈಲು ಕಂಪನಿ 20 ಮಿಲಿಯನ್ ಡಾಲರ್ ಕೊಡುವ ಒಪ್ಪಂದವಾಯಿತು. ಎಂಜಿನ್ನುಗಳನ್ನು ಎಣ್ಣೆ ಉರಿಸುವಂತೆ ಬದಲಿಸಿದರು. ಸುದ್ದಿ ಬಂದ ದಿನ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಮೊದಲು ಕೇಳಿದ್ದು, "ಆ ಹಿಂದೆ ಬರ್ತಿದ್ದ ಹುಡುಗರು ಹೆಂಗವ್ರೆ?" ಎಂದು. ಎಷ್ಟು ಕಣ್ಣಿಟ್ಟು ನಡೆದರೂ ಒಂದು ಬಂಡೆ, ಒಂದು ಕಿಡಿ ತಪ್ಪಿಸಿಕೊಳ್ಳಬಹುದು ಎಂಬ ಭಯ ಅವರಿಗೆ ಗೊತ್ತಿತ್ತು.

2023ರ ಡಿಸೆಂಬರ್‌ನಲ್ಲಿ ನಾವು ಊರಿಗೆ ಹೋಗಿದ್ದೆವು. ನೀವು ರೀಲ್ಸ್‌ನಲ್ಲಿ ನೋಡಿರುತ್ತೀರಿ, ಯಶವಂತಪುರದಿಂದ ಮಂಗಳೂರಿಗೆ ಹಗಲು ಹೋಗುವ ರೈಲಿಗೆ 2021ರ ಜುಲೈಯಿಂದ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಗಾಜಿನ ಚಾವಣಿ, ತಿರುಗುವ ಕುರ್ಚಿ, 44 ಸೀಟು. ಸಕಲೇಶಪುರದಲ್ಲಿ ಅಪ್ಪನನ್ನು ಹತ್ತಿಸಿಕೊಂಡೆವು. ಅಷ್ಟು ವರ್ಷ ನಡೆದ ದಾರಿಯಲ್ಲಿ ಅವರು ಕೂತುಕೊಂಡು ಹೋದದ್ದು ಕಡಿಮೆ, ಅದೂ ಇಂಥ ಕುರ್ಚಿಯಲ್ಲಿ! ಸುರಂಗ ಬಂದಾಗಲೆಲ್ಲ ಪ್ರವಾಸಿಗಳು ಹೋ ಎಂದು ಕೂಗುತ್ತಿದ್ದರು. ಅಪ್ಪ ಮೊಮ್ಮಗನಿಗೆ ಸುರಂಗದ ನಂಬರು ಹೇಳುತ್ತಿದ್ದರು, ಯಾವುದರೊಳಗೆ ನೀರು ಸುರಿಯುತ್ತದೆ, ಯಾವುದರ ಬಾಯಲ್ಲಿ ಜೇನು ಕಟ್ಟುತ್ತದೆ ಎಂದು ಸಹ.

ಯಡಕುಮಾರಿಯ ಹತ್ತಿರ ಹಳಿಯ ಪಕ್ಕ ಕಿತ್ತಳೆ ಜಾಕೆಟ್ ಹಾಕಿದ ಐದಾರು ಜನ ಸಲಾಕೆ ಹಿಡಿದು ಸರಿದು ನಿಂತಿದ್ದರು. ಎಲ್ಲರ ಕ್ಯಾಮೆರಾ ಜಲಪಾತದ ಕಡೆ ಇತ್ತು. ಹದಿನೇಳು ವರ್ಷದ ನನ್ನ ಮಗ ಗಾಜಿಗೆ ಅಂಗೈ ಒತ್ತಿ ಅವರಿಗೆ ಕೈಬೀಸಿದ. ಅವರಲ್ಲೊಬ್ಬ ಹುಡುಗ ಹಲ್ಲು ಬಿಟ್ಟು ನಕ್ಕು, ಸಲಾಕೆ ಎತ್ತಿ ತೋರಿಸಿದ. ಅಪ್ಪ ಏನೂ ಹೇಳಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿಕೊಂಡು, ಅವರು ಮರೆಯಾಗುವವರೆಗೆ ನೋಡುತ್ತಿದ್ದರು.

2024ರ ಜುಲೈನಲ್ಲಿ ಯಡಕುಮಾರಿ, ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಹಲವು ದಿನ ರೈಲು ನಿಂತಿತ್ತು. ಆ ಸುದ್ದಿಯನ್ನು ನನಗೆ ಕಳಿಸಿದವನು ಆಸ್ಟಿನ್‌ನಲ್ಲಿ ಕಾಲೇಜು ಸೇರುವ ತಯಾರಿಯಲ್ಲಿದ್ದ ಮಗನೇ. ಕೆಳಗೆ ಒಂದೇ ಸಾಲು: "ತಾತಂಗೆ ಹೇಳಿದ್ಯಾ?"

ನೀವು ಮುಂದಿನ ರಜೆಯಲ್ಲಿ ಕೊಲರಾಡೋಗೋ, ಸ್ವಿಟ್ಜರ್‌ಲೆಂಡಿಗೋ, ನಮ್ಮ ಶಿರಾಡಿಗೋ ಹೋಗುತ್ತೀರಿ. ಹೋಗಿ, ಕಣ್ತುಂಬ ನೋಡಿ. ಶಿರಾಡಿಯಲ್ಲಿ ಮಾತ್ರ ವಿಡಿಯೋ ನೋಡಿಕೊಂಡು ಹಳಿಯ ಮೇಲೆ ಟ್ರೆಕ್ಕಿಂಗ್ ಹೋಗಬೇಡಿ. ಅದಕ್ಕೆ ಅನುಮತಿಯಿಲ್ಲ, ಸುರಂಗದಲ್ಲಿ ರೈಲು ಬಂದರೆ ಸರಿಯಲು ಜಾಗ ಸಾಲದು.

ಇನ್ನೊಂದು ಕೆಲಸ ಮಾಡಿ. ನಿಮ್ಮ ತಾತನಿಗೋ ಅಜ್ಜಿಗೋ ಫೋನ್ ಮಾಡಿ. "ನೀವು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ನಾವು, ಅಪ್ಪ ಅಮ್ಮಂದಿರು, ಆಗಲೇ ಒಂದು ಚೆಂದದ ಉತ್ತರ ಮಾಡಿಟ್ಟಿರುತ್ತೇವೆ. "ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡ್ತಿದ್ರಿ? ಕೈಯಲ್ಲಿ ಏನು ಹಿಡ್ಕೊಂಡು ಹೋಗ್ತಿದ್ರಿ?" ಎಂದು ಕೇಳಿ. ಕನ್ನಡ ತಡವರಿಸಿದರೂ ಪರವಾಗಿಲ್ಲ. ಅರ್ಥವಾಗದ ಪದ ಬಂದರೆ ಅಲ್ಲೇ ನಿಲ್ಲಿಸಿ, ಹಾಗಂದರೇನು ಎಂದು ಕೇಳಿ. ನನ್ನ ಮಗ ಕೇಳದೇ ಹೋಗಿದ್ದರೆ ಆ ದಿನ ಅಪ್ಪನ ಮಾತು ಅರ್ಧಕ್ಕೇ ನಿಂತುಹೋಗುತ್ತಿತ್ತು.

ಭಾನುವಾರ ತರಗತಿಯಲ್ಲಿ ಸಿಗೋಣ.